ಹತ್ತರಿಯ ಮೇಲೊಂದು ಹೆಸರು

ಮಳೆಗಾಲ ಬಂತೆಂದರೆ ನಮ್ಮ ಮನೆಗಳ ಬಾಗಿಲುಗಳಿಗೆ ಮುನಿಸು. ಬೇಸಿಗೆಯಲ್ಲಿ ಬೆರಳು ತಾಕಿದರೆ ತೆರೆದುಕೊಳ್ಳುವ ಬಾಗಿಲು ಆಷಾಢದಲ್ಲಿ ಭುಜ ಕೊಟ್ಟು ನೂಕಿದರೂ ಜಪ್ಪಯ್ಯ ಅನ್ನುವುದಿಲ್ಲ. ಆಗ ಆಚಾರ್ರಿಗೆ ಹೇಳಿ ಕಳಿಸುತ್ತೇವೆ. ಅವರು ಚೀಲದಿಂದ ಹತ್ತರಿ ತೆಗೆದು ಉಬ್ಬಿದ ಅಂಚಿನ ಮೇಲೆ ನಾಲ್ಕು ಸಲ ಓಡಿಸಿದರೆ ಸಾಕು, ಸುರುಳಿ ಸುರುಳಿಯಾಗಿ ಸಿಪ್ಪೆ ಉದುರಿ ಬಾಗಿಲು ಮತ್ತೆ ಹೇಳಿದ ಮಾತು ಕೇಳುತ್ತದೆ. ಕೆಲವರು ಉಜ್ಜುಗೊರಡು ಎನ್ನುವ ಈ ಹತ್ತರಿಯನ್ನು ನಾವು ನೋಡಿಯೂ ನೋಡಿಲ್ಲ. ಅದಕ್ಕೆ ಗರಗಸದ ಆರ್ಭಟವಿಲ್ಲ, ಸುತ್ತಿಗೆಯ ಸದ್ದಿಲ್ಲ. ಅದು ಹಾಯ್ದ ಮೇಲೆ ಉಳಿಯುವುದು ಬರೀ ನುಣುಪು. ಚೆನ್ನಾಗಿ ಮಾಡಿದಷ್ಟೂ ಮಾಡಿದ ಗುರುತೇ ಕಾಣದ ಕೆಲಸ ಅದು. ಇಂಥ ಕೆಲಸದ ಪರಿಚಯ ನಮಗೆ, ಹೆಂಗಸರಿಗೆ, ಬೇರೆ ಯಾರೂ ಮಾಡಿಸಬೇಕಾಗಿಲ್ಲ.

ಹತ್ತರಿಯ ರಚನೆ ಸರಳ. ಒಂದು ಗಟ್ಟಿ ಮರದ ತುಂಡು, ಅದರ ತಳ ಕನ್ನಡಿಯಷ್ಟು ಸಮ. ನಡುವೆ ಒಂದು ಸಣ್ಣ ಬಾಯಿ. ಅದರೊಳಗೆ ಓರೆಯಾಗಿ ಕೂತ ಉಕ್ಕಿನ ಅಲಗು, ಅಲಗನ್ನು ಬಿಗಿಯಾಗಿ ಹಿಡಿದ ಮರದ ಬೆಣೆ. ಅಲಗು ತಳದಿಂದ ಕೂದಲೆಳೆಯಷ್ಟು ಹೊರಗೆ ಇಣುಕಿದರೆ ಸಾಕು. ಹೆಚ್ಚು ಇಣುಕಿದರೆ ಮರವನ್ನು ಕಿತ್ತು ಹಾಕುತ್ತದೆ, ಕಡಿಮೆಯಾದರೆ ಸುಮ್ಮನೆ ಜಾರುತ್ತದೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪಾಂಪೆ ನಗರದ ಅವಶೇಷಗಳಲ್ಲೂ ಹತ್ತರಿಗಳು ಸಿಕ್ಕಿವೆ. ಎರಡು ಸಾವಿರ ವರ್ಷಗಳಲ್ಲಿ ಅದರ ಮೂಲ ಉಪಾಯ ಬದಲಾಗಿಲ್ಲ.

ನನಗೆ ಇದರ ಹುಚ್ಚು ಹತ್ತಿಸಿದವರು ನಮ್ಮ ಮಾವನವರು. ನಿವೃತ್ತರಾದ ಮೇಲೆ ಅವರು ಅಟ್ಟದ ಮೇಲಿದ್ದ ಹಳೆಯ ಹತ್ತರಿಯೊಂದನ್ನು ಇಳಿಸಿ ರಿಪೇರಿಗೆ ಕೂತರು. ಬೆಣೆ ಬಿಡಿಸಿ, ಅಲಗನ್ನು ಸೀಮೆಎಣ್ಣೆಯಲ್ಲಿ ನೆನೆಸಿ ತುಕ್ಕು ತೆಗೆದರು. ಆಮೇಲೆ ಸಾಣೆಕಲ್ಲಿನ ಮೇಲೆ ದಿನಗಟ್ಟಲೆ ತಾಳ್ಮೆ. ಮೊದಲು ಅಲಗಿನ ಬೆನ್ನು ಸಮವಾಗಬೇಕಂತೆ, ಆಮೇಲೆ ಓರೆ. ತಳಕ್ಕೆ ಮೇಣದ ಬತ್ತಿ ಸವರಿ, ಸೌದೆಗೆ ಹಾಕಿದ್ದ ತೇಗದ ತುಂಡಿನ ಮೇಲೆ ಓಡಿಸಿದಾಗ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಸುರುಳಿ ಬಂತು. ತುಕ್ಕು ಹೋದ ಅಲಗಿನ ಮೇಲೆ ‘ಶೆಫೀಲ್ಡ್’ ಎಂಬ ಇಂಗ್ಲಿಷ್ ಅಕ್ಷರಗಳು ಮೂಡಿದ್ದವು. ಇಂಗ್ಲೆಂಡಿನ ಆ ಊರಿನ ಉಕ್ಕು ಬ್ರಿಟಿಷರ ಕಾಲದಲ್ಲಿ ಹಡಗು ಹತ್ತಿ ನಮ್ಮ ಬಡಗಿಗಳ ಕೈ ಸೇರುತ್ತಿತ್ತು. ಆದರೆ ಆ ಅಲಗಿಗೆ ತಕ್ಕಂತೆ ಮರದ ಮೈ ಕೆತ್ತಿದ ನಮ್ಮ ಊರಿನವನ ಹೆಸರು ಎಲ್ಲಿಯೂ ಇರಲಿಲ್ಲ.

ಹೆಸರಿನ ಈ ಮಾತೇ ನನ್ನನ್ನು ಅಮೆರಿಕದ ಒಬ್ಬ ಹತ್ತರಿ ತಯಾರಕನ ಕಥೆಯವರೆಗೆ ಕರೆದೊಯ್ದಿತು.

ಹದಿನೆಂಟನೆಯ ಶತಮಾನದಲ್ಲಿ ಬಾಗಿಲ ಚೌಕಟ್ಟಿಗೆ, ಕಪಾಟಿನ ಅಂಚಿಗೆ ಒಂದೊಂದು ಬಗೆಯ ಬಳುಕು ಕೊಡಲು ಒಂದೊಂದು ಹತ್ತರಿಯೇ ಬೇಕಿತ್ತು. ಚಕ್ಕುಲಿ ಒರಳಿನ ಬಿಲ್ಲೆಗಳಿದ್ದ ಹಾಗೆ ಎನ್ನಿ. ಬಿಲ್ಲೆಯ ಆಕಾರ ಹೇಗೋ ತಿಂಡಿಯ ಆಕಾರ ಹಾಗೆ. ಹೀಗಾಗಿ ಹತ್ತರಿ ಮಾಡುವುದೇ ಒಂದು ಬೇರೆ ಕಸುಬಾಯಿತು. ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ, ಬೋಸ್ಟನ್ ನಗರದ ನೈರುತ್ಯಕ್ಕಿರುವ ರೆಂಥಮ್ ಎಂಬ ಊರಿನಲ್ಲಿ ಫ್ರಾನ್ಸಿಸ್ ನಿಕಲ್ಸನ್ ಎಂಬುವನು ಈ ಕಸುಬಿನಲ್ಲಿದ್ದ. ತಾನು ಮಾಡಿದ ಹತ್ತರಿಯ ಮುಂತುದಿಯಲ್ಲಿ ಉಕ್ಕಿನ ಅಚ್ಚನ್ನಿಟ್ಟು ಸುತ್ತಿಗೆಯಿಂದ ಹೊಡೆದು ಹೆಸರು ಮೂಡಿಸುತ್ತಿದ್ದ. ಹೆಸರಿನ ಕೆಳಗೆ ‘ರೆಂಥಮ್‌ನಲ್ಲಿ ವಾಸ’ ಎಂಬ ವಿಳಾಸ.

ಅವನ ಕಾರ್ಖಾನೆಯಲ್ಲಿ ಸೀಸರ್ ಚೆಲರ್ ಎಂಬ ಆಫ್ರಿಕನ್ ಮೂಲದ ಗುಲಾಮನೊಬ್ಬನಿದ್ದ. ಮ್ಯಾಸಚೂಸೆಟ್ಸ್ 1641ರಲ್ಲೇ ಗುಲಾಮಗಿರಿಯನ್ನು ಕಾನೂನಿನಲ್ಲಿ ಒಪ್ಪಿಕೊಂಡಿದ್ದ ಪ್ರಾಂತ. ಚೆಲರ್ ಒಡೆಯನ ಕೈಕೆಳಗೆ ಕಸುಬು ಕಲಿತು ನುರಿತ. ಅವನ ಕೈ ಮಾಡಿದ್ದೆಲ್ಲ ಆಗ ಒಡೆಯನ ಹೆಸರಿನ ಮುದ್ರೆ ಹೊತ್ತೇ ಹೊರಗೆ ಹೋಗಿರಬೇಕು. 1753ರಲ್ಲಿ ನಿಕಲ್ಸನ್ ತೀರಿಕೊಂಡ. ಉಯಿಲಿನಲ್ಲಿ ಅವನು ಚೆಲರ್‌ಗೆ ಬಿಡುಗಡೆ ಕೊಟ್ಟಿದ್ದ. ಜೊತೆಗೆ ಕೆಲಸದ ಮೇಜು, ಉಪಕರಣಗಳು, ಹತ್ತು ಎಕರೆ ಜಮೀನು, ಹತ್ತರಿ ಮಾಡಲು ಬೇಕಾದ ಮರದಲ್ಲಿ ಒಂದು ಪಾಲು.

ಬಿಡುಗಡೆಯಾದ ಚೆಲರ್ ಊರು ಬಿಟ್ಟು ಹೋಗಲಿಲ್ಲ. ಅಲ್ಲೇ ಹತ್ತರಿ ಮಾಡುತ್ತ ನಿಂತ. ಆದರೆ ಈಗ ಅಚ್ಚು ಅವನದು. ಮರದ ತುದಿಯಲ್ಲಿ ‘ಸೀ. ಚೆಲರ್, ರೆಂಥಮ್‌ನಲ್ಲಿ ವಾಸ’ ಎಂದು ಹೊಡೆದ. ವಿಳಾಸದ ಮಾತು ಒಡೆಯ ಬಳಸುತ್ತಿದ್ದದ್ದೇ. ಆದರೂ ಮೊನ್ನೆ ಮೊನ್ನೆಯವರೆಗೆ ಇನ್ನೊಬ್ಬರ ಸ್ವತ್ತಾಗಿದ್ದವನು ‘ನಾನು ಇಲ್ಲಿ ವಾಸವಾಗಿದ್ದೇನೆ’ ಎಂದು ಹೇಳುವುದಕ್ಕೆ ಎಷ್ಟು ತೂಕವಿದೆ, ಯೋಚಿಸಿ. ಅವನು 1784ರಲ್ಲಿ ತೀರಿಕೊಂಡ. ನ್ಯಾಯಾಲಯದ ತೀರ್ಪುಗಳಿಂದಾಗಿ ಆ ಪ್ರಾಂತದಲ್ಲಿ ಗುಲಾಮಗಿರಿಗೆ ನೆಲೆ ತಪ್ಪಿದ್ದು ಅದರ ಹಿಂದಿನ ವರ್ಷ, 1783ರಲ್ಲಿ. ಅವನು ಮಾಡಿದ ಹತ್ತರಿಗಳು ಇಂದು ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿವೆ. ಅವನ ಚಿತ್ರವಿಲ್ಲದಿದ್ದರೇನು, ಮರದ ಮೇಲಿನ ಒಂದಿಷ್ಟು ಅಕ್ಷರಗಳಿಂದ ಅವನು ನಮಗೆ ಸಿಕ್ಕಿದ.

ಆದ್ದರಿಂದಲೇ ಹಳೆಯ ಹತ್ತರಿಗಳನ್ನು ಸರಿಮಾಡುವವರು ಒಂದು ನಿಯಮ ಪಾಲಿಸುತ್ತಾರೆ. ತಳವನ್ನು ಸಮ ಮಾಡಬಹುದು, ಅಲಗು ಮಸೆಯಬಹುದು, ಬೆಣೆ ಒಡೆದಿದ್ದರೆ ಹೊಸದು ಹಾಕಬಹುದು. ಮುಂತುದಿಗೆ ಮಾತ್ರ ಸ್ಯಾಂಡ್‌ಪೇಪರ್ ತಾಗಿಸಬಾರದು. ಒಣಬಟ್ಟೆಯಿಂದ ಒರೆಸಿ, ಬೇಕಾದರೆ ಒಂದಿಷ್ಟು ಮೇಣ ಹಚ್ಚಿ ಬಿಟ್ಟುಬಿಡಬೇಕು. ತಯಾರಕನ ಹೆಸರಿನ ಪಕ್ಕದಲ್ಲಿ ಅದನ್ನು ಕೊಂಡು ದುಡಿದವರ ಹೆಸರೂ, ಅವರ ನಂತರದವರ ಹೆಸರೂ ಇರುವುದುಂಟು. ಹೊಸದರಂತೆ ಹೊಳೆಯಿಸುವ ಉತ್ಸಾಹದಲ್ಲಿ ಎರಡು ನಿಮಿಷ ಉಜ್ಜಿದರೆ ಇನ್ನೂರೈವತ್ತು ವರ್ಷದ ಗುರುತು ಪುಡಿಯಾಗಿ ನೆಲಕ್ಕೆ ಬೀಳುತ್ತದೆ.

ಮುಂದೆ ಕಬ್ಬಿಣದ ಹತ್ತರಿಗಳು ಬಂದವು. ಅಲಗನ್ನು ತಿರುಪಿನಿಂದ ಏರಿಸಿ ಇಳಿಸುವ ಸುಲಭ ವಿಧಾನ ರೂಪಿಸಿದ ಲಿಯೊನಾರ್ಡ್ ಬೈಲಿಯ ವ್ಯವಹಾರವನ್ನು 1869ರಲ್ಲಿ ಸ್ಟಾನ್ಲಿ ಕಂಪನಿ ಕೊಂಡುಕೊಂಡಿತು. ಹತ್ತರಿಗಳು ಸಾವಿರಗಟ್ಟಲೆ ಎರಕವಾದವು. ಬೈಲಿಯ ಹೆಸರು ಎರಕದಲ್ಲೇ ಉಳಿಯಿತು. ಆದರೆ ಅದು ಕೆಲಸ ಮಾಡಿದ ಕೈಯ ಹೆಸರಲ್ಲ, ಮಾಲಿನ ಹೆಸರು.

ಚೆಲರ್ 1758ರಲ್ಲಿ ಜೂಡಿತ್ ರಸೆಲ್ ಎಂಬಾಕೆಯನ್ನು ಮದುವೆಯಾದ, ಮಕ್ಕಳಾದರು. ಆ ಹತ್ತು ಎಕರೆಯಲ್ಲಿ, ಆ ಮನೆಯಲ್ಲಿ ಜೂಡಿತ್ ಎಷ್ಟು ದುಡಿದಿರಬೇಡ! ಆಕೆಯ ದುಡಿತಕ್ಕೆ ಅಚ್ಚಿರಲಿಲ್ಲ. ಮಾಡಿದ್ದು ಉಂಡು ಮುಗಿಯಿತು, ಒಗೆದದ್ದು ಉಟ್ಟು ಹರಿಯಿತು.

ಆ ಮಟ್ಟಿಗೆ ನಮ್ಮ ಅಜ್ಜಿಯರೇ ಜಾಣೆಯರು. ಬಿಂದಿಗೆಯ ಕಂಠದಲ್ಲಿ, ತಪ್ಪಲೆಯ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಸಿಟ್ಟರು. ಎಷ್ಟೋ ಮನೆಗಳಲ್ಲಿ ಮುತ್ತಜ್ಜಿಯ ಹೆಸರು ಬರವಣಿಗೆಯಲ್ಲಿ ಉಳಿದಿರುವುದು ಆ ಹಿತ್ತಾಳೆಯ ಮೇಲೆ ಮಾತ್ರ. ನಾವು ಅದನ್ನು ತೂಕಕ್ಕೆ ಹಾಕಿ ಸ್ಟೀಲು ತಂದೆವು. ಕರಗಿದ ಹಿತ್ತಾಳೆಯೊಂದಿಗೆ ಹೆಸರೂ ಕರಗಿತು. ಇನ್ನೂ ಒಂದೆರಡು ಅಟ್ಟದ ಮೇಲೆ ಉಳಿದಿರಬಹುದು. ಒಮ್ಮೆ ಇಳಿಸಿ, ಹುಣಸೆಹಣ್ಣು ಹಚ್ಚಿ ಮೆಲ್ಲಗೆ ತೊಳೆಯಿರಿ. ಅಕ್ಷರಗಳಿರುವ ಕಡೆ ಮಾತ್ರ ನಾರು ಬೇಡ, ಬೆರಳೇ ಸಾಕು.