ಉದ್ಯೋಗಾರ್ಹತಾ ಕೌಶಲ್ಯಗಳು

ಉದ್ಯೋಗಾರ್ಹತಾ ಕೌಶಲ್ಯಗಳು ಎಂದರೆ ವ್ಯಕ್ತಿಯೊಬ್ಬರು ಉದ್ಯೋಗವನ್ನು ಪಡೆಯಲು, ಅದರಲ್ಲಿ ಮುಂದುವರಿಯಲು ಹಾಗೂ ಅಗತ್ಯಬಿದ್ದಾಗ ಬೇರೊಂದು ಉದ್ಯೋಗಕ್ಕೆ ಹೊಂದಿಕೊಳ್ಳಲು ನೆರವಾಗುವ ಜ್ಞಾನ, ಸಾಮರ್ಥ್ಯ ಮತ್ತು ನಡವಳಿಕೆಗಳ ಸಮೂಹ. ಅಂಕಪಟ್ಟಿಯು ಅಭ್ಯರ್ಥಿ ಏನನ್ನು ಕಲಿತಿದ್ದಾರೆಂದು ತಿಳಿಸಿದರೆ, ಈ ಕೌಶಲ್ಯಗಳು ಕಲಿತದ್ದನ್ನು ಕೆಲಸದಲ್ಲಿ ಹೇಗೆ ಬಳಸಬಲ್ಲರೆಂಬುದನ್ನು ಸೂಚಿಸುತ್ತವೆ.

ಹಿನ್ನೆಲೆ

ಯಂತ್ರಗಳ ಬಳಕೆಗೆ ಸಂಬಂಧಿಸದ ಸಾಮರ್ಥ್ಯಗಳನ್ನು 'ಮೃದು ಕೌಶಲ್ಯ'ಗಳೆಂದು ಪ್ರತ್ಯೇಕವಾಗಿ ಗುರುತಿಸುವ ಪ್ರಯತ್ನವು 1970ರ ದಶಕದ ಆರಂಭದಲ್ಲಿ ಅಮೆರಿಕದ ಸೇನಾ ತರಬೇತಿ ವಲಯದಲ್ಲಿ ನಡೆಯಿತು. ಮುಂದೆ ಅಮೆರಿಕದ ಕಾರ್ಮಿಕ ಇಲಾಖೆಯು ನೇಮಿಸಿದ 'ಸ್ಕ್ಯಾನ್ಸ್' ಆಯೋಗವು 1991ರ ತನ್ನ ವರದಿಯಲ್ಲಿ ಮೂಲ ಕೌಶಲ್ಯ, ಚಿಂತನಾ ಕೌಶಲ್ಯ ಮತ್ತು ವೈಯಕ್ತಿಕ ಗುಣಗಳನ್ನು ಬುನಾದಿಯೆಂದು ಪರಿಗಣಿಸಿತು. ಸಂಪನ್ಮೂಲ, ಪರಸ್ಪರ ವ್ಯವಹಾರ, ಮಾಹಿತಿ, ವ್ಯವಸ್ಥೆ ಮತ್ತು ತಂತ್ರಜ್ಞಾನಗಳ ನಿರ್ವಹಣೆಯನ್ನು ಐದು ಸಾಮರ್ಥ್ಯಗಳಾಗಿ ಗುರುತಿಸಿತು.

ಪ್ರಮುಖ ಕೌಶಲ್ಯಗಳು

- ಸಂವಹನ: ವಿಷಯವನ್ನು ಸ್ಪಷ್ಟವಾಗಿ ಹೇಳುವುದು, ಬರೆಯುವುದು ಮತ್ತು ಗಮನವಿಟ್ಟು ಆಲಿಸುವುದು.
- ಸಮಸ್ಯಾ ಪರಿಹಾರ: ತೊಡಕಿನ ಕಾರಣವನ್ನು ಗುರುತಿಸಿ, ಲಭ್ಯ ಮಾರ್ಗಗಳನ್ನು ತೂಗಿನೋಡಿ ನಿರ್ಧರಿಸುವುದು.
- ತಂಡದಲ್ಲಿ ದುಡಿಯುವಿಕೆ: ಭಿನ್ನಾಭಿಪ್ರಾಯಗಳ ನಡುವೆಯೂ ಹೊಣೆಯನ್ನು ಹಂಚಿಕೊಳ್ಳುವುದು.
- ಡಿಜಿಟಲ್ ಸಾಕ್ಷರತೆ: ಗಣಕಯಂತ್ರ, ಇಮೇಲ್ ಮತ್ತು ಅಂತರಜಾಲದ ಸುರಕ್ಷಿತ ಬಳಕೆ.
- ಸ್ವಯಂ ನಿರ್ವಹಣೆ: ಸಮಯಪಾಲನೆ, ಪ್ರಾಮಾಣಿಕತೆ ಹಾಗೂ ಹೊಸದನ್ನು ಕಲಿಯುವ ಸಿದ್ಧತೆ.

ಅರ್ಥಶಾಸ್ತ್ರಜ್ಞ ಡೇವಿಡ್ ಡೆಮಿಂಗ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1980ರಿಂದ 2012ರವರೆಗಿನ ಅವಧಿಯಲ್ಲಿ ಹೆಚ್ಚಿನ ಸಾಮಾಜಿಕ ವ್ಯವಹಾರವನ್ನು ಬೇಡುವ ಉದ್ಯೋಗಗಳ ಪಾಲು ಅಮೆರಿಕದಲ್ಲಿ ಸುಮಾರು 12 ಶೇಕಡಾಂಶದಷ್ಟು ಏರಿತು. ನಿಗದಿತ ಕ್ರಮದ ಕೆಲಸಗಳನ್ನು ಯಂತ್ರಗಳು ವಹಿಸಿಕೊಂಡಂತೆ, ಇತರರೊಡನೆ ಹೊಂದಿಕೊಂಡು ಮಾಡಬೇಕಾದ ಕೆಲಸಗಳ ಮಹತ್ವ ಹೆಚ್ಚುತ್ತದೆ ಎಂಬುದು ಇದಕ್ಕೆ ನೀಡಲಾದ ವಿವರಣೆ.

ಪರಿಶೀಲನಾ ವಿಧಾನಗಳು

ಲಿಖಿತ ಪರೀಕ್ಷೆ, ಗುಂಪು ಚರ್ಚೆ, ಕೆಲಸದ ಮಾದರಿ ಪರೀಕ್ಷೆ ಮತ್ತು ಸಂದರ್ಶನಗಳು ಸಾಮಾನ್ಯ ವಿಧಾನಗಳು. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಿ, ಪೂರ್ವನಿಗದಿತ ಮಾನದಂಡದಂತೆ ಅಂಕ ನೀಡುವ ಸಂದರ್ಶನವು, ಮನಬಂದಂತೆ ನಡೆಸುವ ಮಾತುಕತೆಗಿಂತ ಹೆಚ್ಚು ವಿಶ್ವಾಸಾರ್ಹವೆಂದು ಸಂಶೋಧನೆಗಳು ತೋರಿಸಿವೆ. ಇಂಥ ಸಂದರ್ಶನದಲ್ಲಿ 'ನಾನು ಶ್ರಮಜೀವಿ' ಎಂಬ ಹೇಳಿಕೆಗಿಂತ, ಎದುರಾದ ಸನ್ನಿವೇಶ, ಕೈಗೊಂಡ ಕ್ರಮ ಮತ್ತು ದೊರೆತ ಫಲಿತಾಂಶಗಳ ವಿವರಣೆಗೆ ಹೆಚ್ಚಿನ ಬೆಲೆಯಿದೆ.

ಭಾರತದಲ್ಲಿ

ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟನ್ನು 2013ರ ಡಿಸೆಂಬರ್‌ನಲ್ಲಿ ಅಧಿಸೂಚಿಸಲಾಯಿತು. 2015ರ ಜುಲೈ 15ರಂದು ಸ್ಕಿಲ್ ಇಂಡಿಯಾ ಅಭಿಯಾನಕ್ಕೆ ಚಾಲನೆ ದೊರೆಯಿತು. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ (ಐಟಿಐ) ವೃತ್ತಿವಿಷಯಗಳ ಜೊತೆಗೆ ಉದ್ಯೋಗಾರ್ಹತಾ ಕೌಶಲ್ಯವನ್ನೂ ಬೋಧಿಸಲಾಗುತ್ತದೆ. ಕರ್ನಾಟಕದಲ್ಲಿ ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆಯು ತರಬೇತಿ ಕಾರ್ಯಕ್ರಮಗಳನ್ನು ನಡೆಸುತ್ತದೆ.

ಟೀಕೆಗಳು

ಮೃದು ಕೌಶಲ್ಯಗಳನ್ನು ನಿಖರವಾಗಿ ಅಳೆಯುವುದು ಕಷ್ಟ. ಇಂಗ್ಲಿಷ್ ಉಚ್ಚಾರಣೆ ಅಥವಾ ಉಡುಗೆಯನ್ನೇ ಸಾಮರ್ಥ್ಯವೆಂದು ಭಾವಿಸಿದಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ ಹಾಗೂ ಗ್ರಾಮೀಣ ಹಿನ್ನೆಲೆಯ ಅರ್ಹ ಅಭ್ಯರ್ಥಿಗಳು ಅವಕಾಶ ವಂಚಿತರಾಗುವ ಸಾಧ್ಯತೆಯಿದೆ. ನಿರುದ್ಯೋಗಕ್ಕೆ ಕೌಶಲ್ಯದ ಕೊರತೆಯನ್ನಷ್ಟೇ ಹೊಣೆಯಾಗಿಸುವುದನ್ನು ಪ್ರಶ್ನಿಸುವ ಪೀಟರ್ ಕ್ಯಾಪೆಲಿಯಂಥ ವಿದ್ವಾಂಸರು, ಸಂಸ್ಥೆಗಳು ತಾವೇ ತರಬೇತಿ ನೀಡಲು ಹಿಂಜರಿಯುವುದೂ ಸಮಸ್ಯೆಯ ಭಾಗವೆಂದು ವಾದಿಸಿದ್ದಾರೆ.