ಸಿದ್ದಿಗಳ ಮಾತೃವಂಶ: ಒಂದು ಪದ್ಧತಿವಿಚಾರ

ಅಂಕೋಲೆಯ ಘಟ್ಟದ ಸೀಮೆಯಲ್ಲಿಯೂ ಯಲ್ಲಾಪುರ, ಹಳಿಯಾಳ ತಾಲೂಕುಗಳಲ್ಲಿಯೂ ನೆಲೆಸಿರುವ ಸಿದ್ದಿ ಜನರ ಪೂರ್ವಜರಲ್ಲಿ ಅನೇಕರು ಪೋರ್ಚುಗೀಜರ ಕಾಲದಲ್ಲಿ ಆಫ್ರಿಕದಿಂದ ದಾಸರಾಗಿ ಗೋವೆಗೆ ತರಲ್ಪಟ್ಟು, ಅಲ್ಲಿಂದ ಕಾರವಾರ-ಅಂಕೋಲೆಗಳ ಮೂಡಣ ಅರಣ್ಯಗಳನ್ನು ಸೇರಿದವರೆಂಬುದು ಇತಿಹಾಸಜ್ಞರಿಗೆ ತಿಳಿದ ಸಂಗತಿ. ಆದರೆ ಕಾಗದಪತ್ರಗಳು ಒಡೆಯರ ಹೆಸರನ್ನು ಹೇಳುವಷ್ಟು ದಾಸಿಯರ ಹೆಸರನ್ನು ಹೇಳವು. ತಾಯಿಯ ಕಡೆಯಿಂದಲೇ ಇಳಿದುಬರುವ ಮೈಟೊಕಾಂಡ್ರಿಯದ ಡಿ.ಎನ್.ಎ.ಯನ್ನು ನಾವು ಐತಿಹಾಸಿಕ ಆಧಾರವೆಂದು ಎಣಿಸುವುದು ಈ ಕಾರಣದಿಂದಲೇ. ಸಿದ್ದಿಗಳಲ್ಲಿ ಆಫ್ರಿಕದ ವಂಶದೊಡನೆ ಭಾರತೀಯ ವಂಶವೂ ಬೆರೆತಿರುವುದು ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ವಿದ್ವಾಂಸರು 2011ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಸ್ಥಿರಪಟ್ಟಿತು.

ಆ ತಾಯಂದಿರು ಯಾವ ನೆಲದವರೆಂದು ಇನ್ನೂ ಸೂಕ್ಷ್ಮವಾಗಿ ಅರಿಯಬೇಕಾದರೆ ಸುಮಾರು 16,569 ಅಕ್ಷರಗಳನ್ನೂ ಆದ್ಯಂತವಾಗಿ ಓದಬೇಕು. ಓದುವ ಯಂತ್ರಕ್ಕೆ ಒಪ್ಪುವಂತೆ ಡಿ.ಎನ್.ಎ.ಯನ್ನು ತುಂಡರಿಸಿ, ತುಂಡುಗಳ ಎರಡು ತುದಿಗಳಿಗೂ ಗೊತ್ತಾದ ಅಕ್ಷರಸರಣಿಗಳನ್ನು ಜೋಡಿಸಬೇಕಾಗುತ್ತದೆ. ಹೀಗೆ ಸಿದ್ಧಗೊಂಡ ತುಂಡುಗಳ ಸಮೂಹಕ್ಕೆ ಪ್ರಯೋಗಶಾಲೆಗಳಲ್ಲಿ ಲೈಬ್ರರಿಯೆಂದು ಹೆಸರು. ಅದನ್ನು ಕಟ್ಟುವ ಮಾರ್ಗವು ತಂತ್ರಜ್ಞರ ವಿಷಯವೆಂದು ನಾವು ಬಿಟ್ಟುಬಿಡುವಂತಿಲ್ಲ.

ಅಗ್ಗವೂ ರೂಢವೂ ಆದ ಮಾರ್ಗವೆಂದರೆ, ಪಿ.ಸಿ.ಆರ್. ಕ್ರಮದಿಂದ ಇಡೀ ವರ್ತುಲವನ್ನು ಎರಡು ದೀರ್ಘಖಂಡಗಳಾಗಿ ಪ್ರತಿಮಾಡಿಕೊಂಡು ಅನಂತರ ಲೈಬ್ರರಿ ಕಟ್ಟುವುದು. ಜೀವಕೋಶದ ಕೇಂದ್ರದಲ್ಲಿ ಸೇರಿಹೋಗಿರುವ ಮೈಟೊಕಾಂಡ್ರಿಯದ ಹಳೆಯ ತುಣುಕುಗಳು ಇದರಿಂದ ಬಹುಮಟ್ಟಿಗೆ ದೂರವಾಗುತ್ತವೆ. ದೋಷವಿರುವುದು ಪ್ರೈಮರುಗಳಲ್ಲಿ. ಪ್ರತಿಯ ಆರಂಭಕ್ಕೆ ಬೇಕಾದ ಈ ಕಿರುತುಣುಕುಗಳು ಅಂಟಬೇಕಾದೆಡೆಯಲ್ಲಿ ಒಂದೆರಡು ಅಕ್ಷರಗಳು ಬೇರೆಯಾಗಿದ್ದರೂ ಪ್ರತಿಯೇ ಹುಟ್ಟದಿರಬಹುದು. 1981ರಲ್ಲಿ ಕೇಂಬ್ರಿಜಿನವರು ಪ್ರಕಟಿಸಿದ, 1999ರಲ್ಲಿ ತಿದ್ದಲ್ಪಟ್ಟ ಆಧಾರಪಾಠವು ಯುರೋಪಿನ ವಂಶಕ್ಕೆ ಸೇರಿದುದು. (ಮೊದಲ ಪಾಠದ ಕೆಲವು ಅಕ್ಷರಗಳು ಹೀಲಾ ಕೋಶಗಳಿಂದ, ಎಂದರೆ ಆಫ್ರಿಕ ಮೂಲದ ಒಬ್ಬ ಅಮೆರಿಕನ್ ಸ್ತ್ರೀಯಿಂದ, ಬಂದಿದ್ದುವೆಂಬುದು ಬೇರೆ ಮಾತು.) ಅದರಿಂದ ಅತಿ ದೂರವಾದುವು ಆಫ್ರಿಕದ ಎಲ್ ಶಾಖೆಗಳೇ. ಪ್ರತಿ ಹುಟ್ಟದ ಮಾದರಿಯನ್ನು ವಿಫಲವೆಂದು ಪಟ್ಟಿಯಿಂದ ಕೈಬಿಟ್ಟರೆ, ದಫ್ತರದಲ್ಲಿ ಹೆಸರಿಲ್ಲದ ಸ್ತ್ರೀಯು ಇಲ್ಲಿಯೂ ಇಲ್ಲವಾಗುತ್ತಾಳೆ. ಭಾರತೀಯ ಮಾತೃವಂಶದ ಪ್ರಮಾಣವು ಸುಳ್ಳಾಗಿ ಏರುತ್ತದೆ.

ಪ್ರೈಮರಿನ ಹಂಗಿಲ್ಲದೆ ಸಮಸ್ತ ಡಿ.ಎನ್.ಎ.ಯಿಂದಲೂ ಲೈಬ್ರರಿ ಕಟ್ಟಿ ಓದಿದರೆ ಈ ಭಯವಿಲ್ಲ. ಆದರೆ ತಾಯಿಯ ವಂಶವನ್ನಷ್ಟೇ ತಿಳಿಯಲೊಪ್ಪಿ ಎಂಜಲು ಕೊಟ್ಟವರ ಉಳಿದೆಲ್ಲವನ್ನೂ ಓದಿದಂತಾಗುವುದು. ಇದು ನಮಗೆ ಸಮ್ಮತವಲ್ಲ. ಮೂರನೆಯದು, ಕಟ್ಟಿದ ಲೈಬ್ರರಿಯಿಂದ ಮೈಟೊಕಾಂಡ್ರಿಯದ ತುಂಡುಗಳನ್ನು ಮಾತ್ರ ಅವಕ್ಕೆ ಹೊಂದುವ ಸರಣಿಗಳ ಸಹಾಯದಿಂದ ಸೆಳೆದುಕೊಳ್ಳುವ ಕ್ರಮ. ವೆಚ್ಚ ಹೆಚ್ಚಾದರೂ ಇದು ಅಲ್ಪಸ್ವಲ್ಪ ಅಕ್ಷರಭೇದವನ್ನು ಸಹಿಸುತ್ತದೆ. ಕರಾವಳಿಯ ಮಳೆಯಲ್ಲಿ ನೆನೆದ ಹಳೆಯ ಎಲುಬುಗಳಲ್ಲಿಯಾದರೋ ಡಿ.ಎನ್.ಎ. ನುಚ್ಚುನೂರಾಗಿರುವುದು ಸಹಜವಾದುದರಿಂದ ದೀರ್ಘಖಂಡಗಳ ಮಾತೇ ಏಳದು.

ಜೀವಂತ ವ್ಯಕ್ತಿಗಳ ಮಾದರಿಗಳಿಗೆ ಮೊದಲ ಮಾರ್ಗವೇ ಸಾಕು. ಪ್ರತಿ ಹುಟ್ಟದಿದ್ದಲ್ಲಿ ಪ್ರೈಮರನ್ನು ಬದಲಿಸಿ, ಆಗಲೂ ಆಗದಿದ್ದಲ್ಲಿ ಮೂರನೆಯದನ್ನು ಅನುಸರಿಸಬೇಕೆಂಬುದು ನಮ್ಮ ಅಭಿಪ್ರಾಯ. ವಿಫಲವಾದ ಮಾದರಿಗಳ ಸಂಖ್ಯೆಯನ್ನು ಫಲಿತಾಂಶದ ಕೋಷ್ಟಕದಲ್ಲಿಯೇ ಅಚ್ಚುಮಾಡತಕ್ಕದ್ದು.