ಸೊನ್ನೆಯ ಸಾಕ್ಷ್ಯ

ಹಲಸೂರಿನಿಂದ ಮಾರತ್ತಹಳ್ಳಿಗೆ ಹೋಗುವ ಹಾದಿಯಲ್ಲಿ, ವಿಮಾನಪುರದೊಳಗೆ ಇಸ್ರೋ ಸಂಸ್ಥೆಯ ಉಪಗ್ರಹ ಕೇಂದ್ರವಿದೆ. ಮುಂದೆ ಮಾರತ್ತಹಳ್ಳಿಯ ಬಳಿಯಲ್ಲಿ ಉಪಗ್ರಹಗಳನ್ನು ಜೋಡಿಸಿ ಪರೀಕ್ಷಿಸುವ ಶಾಲೆಯಿದೆ. ಭೂಮಿಯ ಸುತ್ತಣ ಅಂತರಿಕ್ಷದ ವಿಕಿರಣವನ್ನು ಅಳೆಯುವ ವಿದ್ಯೆಗೂ ನಮ್ಮ ನಗರಕ್ಕೂ ಇರುವ ನಂಟು ಇವೆರಡಕ್ಕಿಂತಲೂ ಹಳೆಯದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ, ಭಾರತೀಯ ವಿಜ್ಞಾನ ಮಂದಿರದಲ್ಲಿದ್ದ ಹೋಮಿ ಭಾಭಾ ಅವರು ವಿಶ್ವಕಿರಣಗಳನ್ನು ಎಣಿಸುವ ಯಂತ್ರವನ್ನು ವಿಮಾನದಲ್ಲಿರಿಸಿ, ಬೆಂಗಳೂರಿನ ಮೇಲೆ ಸುಮಾರು ೩೦,೦೦೦ ಅಡಿಗಳವರೆಗೆ ಅಳತೆ ಮಾಡಿಸಿದರು. ಭೂಕಾಂತದ ವಿಷುವದ್ರೇಖೆಗೆ ನಮ್ಮ ಊರು ಸಮೀಪವಾದುದರಿಂದ ಭೂಮಿಯ ಕಾಂತಬಲವು ಇಲ್ಲಿ ಮಂದಶಕ್ತಿಯ ಕಣಗಳನ್ನು ತಡೆದುಬಿಡುತ್ತದೆ. ಇಲ್ಲಿನ ಎಣಿಕೆಯನ್ನು ಉತ್ತರದೇಶಗಳ ಎಣಿಕೆಯೊಡನೆ ಹೋಲಿಸಿದರೆ ಕಣಗಳ ಸ್ವಭಾವವು ತಿಳಿದುಬರುವುದು. ೧೯೪೫ರಲ್ಲಿ ಭಾಭಾ ಅವರು ಇಲ್ಲಿಯೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿ, ಅದೇ ವರ್ಷ ಮುಂಬಯಿಗೆ ಒಯ್ದರು.

ವಿಮಾನಕ್ಕೆ ನಿಲುಕದ ಎತ್ತರವನ್ನು ಉಪಗ್ರಹವು ಮುಟ್ಟಿತು. ೧೯೫೮ನೆಯ ಜನವರಿ ೩೧ರಂದು ಅಮೆರಿಕೆಯು ಹಾರಿಸಿದ ಎಕ್ಸ್‌ಪ್ಲೋರರ್-೧ರಲ್ಲಿ ವ್ಯಾನ್ ಆಲನ್ ಎಂಬ ಪಂಡಿತರ ಗೈಗರ್ ಯಂತ್ರವಿತ್ತು. ಕೆಳಗಿದ್ದಾಗ ಕಣಗಳನ್ನು ಕ್ರಮವಾಗಿ ಎಣಿಸಿದ ಆ ಯಂತ್ರವು ಬಹಳ ಮೇಲಕ್ಕೇರಿದಾಗ ಸೊನ್ನೆಯನ್ನು ತೋರಿಸಿತು. ಹಾಗಾದರೆ ಅಲ್ಲಿ ಕಣಗಳೇ ಇಲ್ಲವೆನ್ನೋಣವೇ?

ನಮ್ಮ ಮೀಮಾಂಸಕರು ಅನುಪಲಬ್ಧಿಯನ್ನು ಪ್ರಮಾಣವೆಂದು ಒಪ್ಪುವಾಗ ಒಂದು ನಿಬಂಧನೆಯನ್ನು ಹಾಕಿದ್ದಾರೆ: ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಿದ್ದಾಗ ಮಾತ್ರವೇ ಅದು ಇಲ್ಲವೆನ್ನಬಹುದು. ಕತ್ತಲೆಯಲ್ಲಿ ಗಡಿಗೆಯು ಕಾಣಲಿಲ್ಲವೆಂದು ಗಡಿಗೆಯೇ ಇಲ್ಲವೆನ್ನಲಾಗದು. ವ್ಯಾನ್ ಆಲನ್ ಅವರ ಶಿಷ್ಯರಾದ ಮ್ಯಾಕಿಲ್ವೈನ್ ಅಂಥದೇ ಯಂತ್ರದ ಮೇಲೆ ಪ್ರಬಲವಾದ ಕಿರಣಗಳನ್ನು ಬಿಟ್ಟು ನೋಡಿದರು. ಎಣಿಸಲಾರದಷ್ಟು ಕಣಗಳು ಬಿದ್ದಾಗ ಯಂತ್ರವು ಮೂಕವಾಯಿತು. ಸೊನ್ನೆಯು ಅಭಾವದ ಗುರುತಾಗಿರಲಿಲ್ಲ, ಅತಿಶಯದ ಗುರುತಾಗಿತ್ತು! ಭೂಮಿಯನ್ನು ಸುತ್ತುವರಿದ ವಿಕಿರಣವಲಯಗಳು ಹೀಗೆ ಬೆಳಕಿಗೆ ಬಂದು, ವ್ಯಾನ್ ಆಲನ್ ಅವರ ಹೆಸರನ್ನು ಪಡೆದವು.

ಈ ಅರಿವಿನ ಫಲವನ್ನು ನಮ್ಮವರೂ ಉಂಡಿದ್ದಾರೆ. ೨೦೧೫ನೆಯ ಸೆಪ್ಟೆಂಬರ್ ೨೮ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹವನ್ನು ಸುಮಾರು ೬೫೦ ಕಿಲೋಮೀಟರ್ ಎತ್ತರದಲ್ಲಿ, ವಿಷುವದ್ರೇಖೆಗೆ ಕೇವಲ ೬ ಅಂಶ ಓರೆಯಾದ ಪಥದಲ್ಲಿಟ್ಟುದು ವಿಕಿರಣದ ಹಾವಳಿಯು ಕಡಿಮೆಯಿರಲೆಂದೇ. ಆದರೂ ದಕ್ಷಿಣ ಅಟ್ಲಾಂಟಿಕ್ ಸಾಗರದ ಕಡೆಗೆ ಭೂಕಾಂತವು ದುರ್ಬಲವಾದುದರಿಂದ ಅಲ್ಲಿ ಕಣಗಳು ಕೆಳಗಿಳಿಯುತ್ತವೆ. ಅವನ್ನು ಎಣಿಸಲು ಭಾಭಾ ಅವರ ಸಂಸ್ಥೆಯೇ ಒಂದು ಪುಟ್ಟ ಸ್ಫಟಿಕಯಂತ್ರವನ್ನು ಮಾಡಿ ಅದರಲ್ಲಿರಿಸಿತು. ಎಣಿಕೆಯು ಮಿತಿಮೀರಿದೊಡನೆ ಅದು ಎಚ್ಚರಿಕೆ ಕೊಡುವುದು. ನಕ್ಷತ್ರಗಳ ಕ್ಷಕಿರಣಗಳನ್ನು ನೋಡುವ ಬೆಲೆಬಾಳುವ ಯಂತ್ರಗಳನ್ನು ಆಗ ವಿರಮಿಸಗೊಡಬಹುದು.

೧೯೫೮ರ ಯಂತ್ರವು ತನಗರಿಯದೆಯೇ ಮೂಕವಾಗಿತ್ತು. ಇಲ್ಲಿ ಮೌನವು ಬೇಕೆಂದೇ ವಹಿಸಿದುದು. ಆ ಮೊದಲಿನ ಸೊನ್ನೆಯನ್ನು ಪರೀಕ್ಷಿಸದೆ ನಂಬಿದ್ದರೆ ಈ ವಿವೇಕಕ್ಕೆ ಎಡೆಯೆಲ್ಲಿರುತ್ತಿತ್ತು?